ಬಿಲ್ಲಿನ ಬೆನ್ನಿಗೆ ರೇಷ್ಮೆಯ ಪಟ್ಟಿ

ಹೊಸ ತಿಪ್ಪಸಂದ್ರದ ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಈಳಿಗೆಮಣೆಯಿಂದ ಸ್ಕೂಟರಿನವರೆಗೆ ಎಲ್ಲವನ್ನೂ ಒರೆಸಿ ಕುಂಕುಮ ಇಡುವುದು ನನ್ನ ಕೆಲಸ. ತೊಂಬತ್ತರ ದಶಕದ ಕೊನೆಯ ಆ ವರ್ಷ ಸಾಲಿನಲ್ಲಿ ಒಂದು ಬಿಲ್ಲೂ ಇತ್ತು. ವಿಮಾನ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುತ್ತಿದ್ದ ನಮ್ಮ ಯಜಮಾನರು ಒಂಬತ್ತನೇ ಕ್ಲಾಸಿನ ಮಗಳಿಗೆಂದು ತಿಂಗಳುಗಟ್ಟಲೆ ಕೂತು ಕೆತ್ತಿದ್ದು. ಮರ ಬಿಳಿಚಿಕೊಂಡು ಒಣಒಣವಾಗಿ ಕಂಡಿತು. ಉಳಿ, ಸುತ್ತಿಗೆಗೆ ಸವರಿದ ಕೊಬ್ಬರಿ ಎಣ್ಣೆಯನ್ನೇ ಅದಕ್ಕೂ ಚೆನ್ನಾಗಿ ತಿಕ್ಕಿ ಮೂರು ಬೊಟ್ಟು ಇಟ್ಟೆ.

ಮರುದಿನದ ಹೊತ್ತಿಗೆ ಎಣ್ಣೆ ಇಂಗಿತ್ತು. ಅವರು ಬೊಟ್ಟು ಒರೆಸುತ್ತಾ ನಕ್ಕರು. "ಕಾನ್ವೆಂಟಲ್ಲಿ ಓದ್ದೋಳು, ಬಿಲ್ಲಿಗೂ ಕುಂಕುಮ ಇಟ್ಟಿದೀಯಲ್ಲೇ! ಆರತಿ ಎತ್ಲಿಲ್ವಾ?"

ಬಿಲ್ಲಿನ ಹೊರಮೈಗೆ ನನ್ನ ಹಳೆಯ ರೇಷ್ಮೆ ಸೀರೆಯ ಪಟ್ಟಿ ಅಂಟಿಸುವುದಿತ್ತು. ಬಗ್ಗಿಸಿದಾಗ ಮರ ಸೀಳದಂತೆ ಹಿಡಿದಿಡುವುದು ಅದೇ. ಅಂಟು ಬಳಿಯುತ್ತಾ ಮಗಳಿಗೆ ಹೇಳಿದರು: "ಬೆರಳು ತಾಗಿಸ್ಬೇಡ ಪುಟ್ಟಿ. ಒಂಚೂರು ಜಿಡ್ಡಿದ್ರೂ ಅಂಟು ಹಿಡಿಯಲ್ಲ. ಪಟ್ಟಿ ಬಿಟ್ಕೊಂಡ್ರೆ ಮರ ಮುರಿದು ಚೂರು ಸೀದಾ ಕಣ್ಣಿಗೇ ಬರೋದು."

ನನ್ನ ಕೈಯಲ್ಲಿ ಅವರ ಕಾಫಿ ಲೋಟವಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟು ದಿನದ ಕೆಲಸ ನನ್ನಿಂದ ಕೆಟ್ಟಿತೆನ್ನಲು ನಾಲಿಗೆ ಏಳಲಿಲ್ಲ. ಇಷ್ಟು ಎಣ್ಣೆ ಏನು ಮಾಡೀತು ಎಂದುಕೊಂಡು ಲೋಟ ಇಟ್ಟು ಬಂದೆ.

ಸೈಕಲ್ ಟ್ಯೂಬನ್ನು ಸೀಳಿ ಬಿಗಿಯಾಗಿ ಸುತ್ತಿ, ಮೂರು ದಿನ ಅಡುಗೆಮನೆಯ ಅಟ್ಟದ ಮೇಲಿಟ್ಟರು. ಬಾಣಲೆ ಇಳಿಸಲು ಕೈ ಚಾಚಿದಾಗಲೆಲ್ಲ ಅಲ್ಲಿ ಅದು, ಕಪ್ಪಗೆ, ಮಲಗಿದ ಹಾಗೆ. ಮಗಳ ಕಣ್ರೆಪ್ಪೆ ಎಷ್ಟು ಉದ್ದ ಎನ್ನುವುದು ಆ ಮೂರು ದಿನ ಊಟ ಬಡಿಸುವಾಗೆಲ್ಲ ಕಾಣುತ್ತಿತ್ತು.

ಭಾನುವಾರ ಬೆಳಗ್ಗೆ ತಾರಸಿಯ ಮೇಲೆ ಟ್ಯೂಬು ಬಿಚ್ಚಿದರು. ರೇಷ್ಮೆ ನುಣ್ಣಗೆ ಕೂತಿತ್ತು. ಅವರು ಹೆದೆ ಏರಿಸಿ ಕೊಟ್ಟರು. ಮಗಳು ಅದನ್ನು ಒಂದು ಗೇಣು ಎಳೆದಳು, ಸಡಿಲಿಸಿದಳು.

"ಇನ್ನೂ ಎಳೀಲಾ ಅಪ್ಪ?"

"ಎಳಿ, ಕೆನ್ನೆವರೆಗೂ ತಗೊಂಡ್ಬಾ."

ಹಿಡಿಯ ಮೇಲ್ಗಡೆ ರೇಷ್ಮೆಯ ಅಂಚು ಉಗುರಿನಷ್ಟು ಎದ್ದಿತು. ಎದುರಿನ ಹಗ್ಗದಲ್ಲಿ ಬಟ್ಟೆ ಹರವುತ್ತಿದ್ದ ನನಗಷ್ಟೇ ಕಂಡಿತು. ಟಿಕ್ ಎಂದು ಸಣ್ಣ ಸದ್ದು.

"ಇಳ್ಸು! ಮೆತ್ತಗೆ ಇಳ್ಸು! ರೀ, ಅದಕ್ಕೆ ಎಣ್ಣೆ ಹಚ್ಚಿದೀನಿ ನಾನು!"

ಅವಳು ಇಳಿಸಿದಳು. ಅವರು ಅಂಚಿನೊಳಗೆ ಹೆಬ್ಬೆರಳು ತೂರಿಸಿದ್ದೇ ತಡ, ಪಟ್ಟಿ ಇಡಿಯಾಗಿ ಕಿತ್ತುಬಂತು. ಕೆಳಗೆ ಮರದಲ್ಲಿ ಕೂದಲೆಳೆಯಂಥ ಅಡ್ಡ ಬಿರುಕು.

"ಅಂಟು ಹಿಡಿಯಲ್ಲಾಂತ ಗೊತ್ತಿತ್ತಾ?"

"ನೀವು ಅವಳಿಗೆ ಹೇಳಿದ್ರಲ್ಲ, ಅವತ್ತಿಂದ."

ಅವರು ಬೈಯಲಿಲ್ಲ. ಮಗಳು ಬಿರುಕಿನ ಮೇಲೆ ಬೆರಳಾಡಿಸಿದಳು. ನಾನು ಅವಳ ಭುಜದ ಮೇಲೆ ಕೈಯಿಡಲು ಹೋದೆ. ಅವಳು ಮೆಲ್ಲಗೆ ಸರಿದು ಅಪ್ಪನ ಆಚೆ ಬದಿಗೆ ಹೋಗಿ ನಿಂತಳು.