ಬಳೆ ಒತ್ತಿದ ಬಿಸ್ಕತ್ತು

ತಂಗಿಯ ಮನೆಗೆ ಓವನ್ ಬಂದ ವರ್ಷ ನನಗೆ ನೆಮ್ಮದಿ ಇರಲಿಲ್ಲ. ಅವಳ ಗಂಡ ಅದಿರು ಸಾಗಿಸಲು ಲಾರಿ ಹಾಕಿದ ಮೇಲೆ ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಮನೆಗೆ ಮೊದಲು ಫ್ರಿಜ್ಜು, ಆಮೇಲೆ ಕಾರು, ಕೊನೆಗೆ ಓವನ್ ಬಂತು. ಕಾರು ನೋಡಿ ಸುಮ್ಮನಿದ್ದ ನನಗೆ ಓವನ್ ನೋಡಿ ಹೊಟ್ಟೆ ಉರಿಯಿತು. ಅದರಲ್ಲಿ ಅವಳು ಅವ್ವನಿಗಾಗಿ ಸಕ್ಕರೆ ಇಲ್ಲದ ಕೇಕ್ ಮಾಡತೊಡಗಿದ್ದಳು.

ಅವ್ವ ಕುರುಗೋಡಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಳು. ರಂಜಾನ್ ಹಬ್ಬ ಮುಗಿದ ಮೇಲೆ ಸಿರುಗುಪ್ಪಕ್ಕೆ, ನನ್ನ ಮನೆಗೆ ಬಂದು ಒಂದು ತಿಂಗಳು ಇರುವುದು ಅವಳ ರೂಢಿ. ಆ ತಿಂಗಳು ನನ್ನದು, ಮತ್ತಾರದೂ ಅಲ್ಲ. ಆದರೆ ಸಕ್ಕರೆ ಕಾಯಿಲೆ ಬಂದು ಚಹಾದ ಜೊತೆಗಿನ ಬಿಸ್ಕತ್ತು ನಿಂತ ಮೇಲೆ ಅವ್ವನ ಫೋನಿನಲ್ಲಿ ಬರೀ ತಂಗಿಯ ಕೇಕಿನದೇ ಮಾತು.

"ಸಕ್ರಿ ಬದಲಿ ಮೆಡಿಕಲ್ ಶಾಪಿನಾಗ ಸಿಗೋ ಯಾವುದೋ ಪುಡಿ ಹಾಕ್ತಾಳ. ಭಾಳ ಮೆತ್ತಗ ಇರ್ತೈತಿ. ಈ ಸಲ ಆಕಿ ಮನ್ಯಾಗೇ ಇರಬೇಕಂತ ಮಾಡೀನಿ," ಅಂದಳು ಒಂದು ದಿನ.

ಓವನ್ ಇಲ್ಲದಿದ್ದರೇನು, ನಮಗೆ ಬೇಕರಿಯ ಭಟ್ಟಿ ಇತ್ತಲ್ಲ. ಹಬ್ಬಕ್ಕೆ ಮುಂಚೆ ಓಣಿಯ ಹೆಂಗಸರೆಲ್ಲ ಮೈದಾ, ಡಾಲ್ಡಾ, ಸಕ್ಕರೆ ಹೊತ್ತು ಅಲ್ಲಿಗೆ ಹೋಗುತ್ತೇವೆ. ಅಲ್ಲೇ ಕಲಸಿ, ಬಿಸ್ಕತ್ತು ತಟ್ಟಿ ಟ್ರೇಯಲ್ಲಿಟ್ಟರೆ ಭಟ್ಟಿಯವನು ಸುಟ್ಟು ಕೊಡುತ್ತಾನೆ. ಯಾರದು ಯಾವುದೆಂದು ತಿಳಿಯಲು ಒಬ್ಬೊಬ್ಬರದು ಒಂದೊಂದು ಗುರುತು. ನಾನು ಮನೆಯವರ ಹಿಟ್ಟನ್ನು ಎಂದಿನಂತೆ ಕಲಸಿ, ಅವ್ವನದನ್ನು ಬೇರೆ ಮಾಡಿದೆ. ಸಕ್ಕರೆ ಇದೆಯೋ ಇಲ್ಲವೋ ಅನ್ನುವಷ್ಟು. ಅದರ ಬದಲು ಏಲಕ್ಕಿ, ಚಿಟಿಕೆ ಉಪ್ಪು. ಒಂದೊಂದರ ಮೇಲೂ ಕೈಬಳೆ ಒತ್ತಿ ಗುರುತು ಮಾಡಿದೆ. ಸುಟ್ಟು ಬಂದದ್ದನ್ನು ಡಬ್ಬಿಗೆ ತುಂಬಿ, ಮಕ್ಕಳಿಗೆ ಸಿಗದಂತೆ ಅಟ್ಟದ ಮೇಲಿಟ್ಟೆ. ಅವ್ವನ ಪಾಲೆಂದು ನಾನೂ ಒಂದನ್ನು ಮುರಿದು ನೋಡಲಿಲ್ಲ.

ಹಬ್ಬದ ಮಾರನೆಯ ದಿನ ನಾನೂ ತಂಗಿಯೂ ಕುರುಗೋಡಿಗೆ ಹೋದೆವು. ನಾನು ಬಸ್ಸಿನಲ್ಲಿ, ಅವಳು ಕಾರಿನಲ್ಲಿ. ಅವ್ವ ಕೇಕಿನ ಒಂದು ತುಂಡು ತಿಂದು ಚಲೋ ಐತಿ ಅಂದಳು. ಆಮೇಲೆ ನನ್ನ ಡಬ್ಬಿಯಿಂದ ಒಂದು ತೆಗೆದು ಚಹಾದಲ್ಲಿ ಅದ್ದಿದಳು. ಕೂಡಲೇ ಎರಡನೆಯದಕ್ಕೆ ಕೈ ಹಾಕಿದಳು.

"ಇದು ನೋಡು ಬಿಸ್ಕೀಟು ಅಂದ್ರ. ಸಕ್ರಿ ಇಲ್ಲದ ಇಂಥಾ ರುಚಿ ಹೆಂಗ ತಂದಿಯವ್ವ? ನಡಿ, ನಿನ್ನ ಮನಿಗೇ ಬರ್ತೀನಿ."

ತಂಗಿಯ ಮುಖ ಸಪ್ಪಗಾಯಿತು. ಸುಳ್ಳೇಕೆ ಹೇಳಲಿ, ನನಗೆ ಹಬ್ಬ ಶುರುವಾದದ್ದೇ ಆಗ. "ಅಕ್ಕಾ, ನನಗೂ ಹೇಳಿಕೊಡು, ಹೆಂಗ ಮಾಡಿದಿ," ಎಂದಳು. ಆ ಮಾತು ಕೇಳಿ ಇನ್ನಷ್ಟು ಬೀಗಿ, ಒಂದು ಬಿಸ್ಕತ್ತು ತೆಗೆದು ಕಚ್ಚಿದೆ.

ಪೂರಾ ಸಕ್ಕರೆ. ಹಲ್ಲಿಗೆ ಸಿಕ್ಕಿ ಕರಕರ ಅಂತು. ಭಟ್ಟಿಯ ಗದ್ದಲದಲ್ಲಿ ಇನ್ನೊಬ್ಬಾಕೆಯೂ ಬಳೆಯನ್ನೇ ಒತ್ತಿರಬೇಕು, ಅವಳ ಬಿಸ್ಕತ್ತು ನನ್ನ ಡಬ್ಬಿ ಸೇರಿತ್ತು. ಅವ್ವ ಮೂರನೆಯದನ್ನು ಬಾಯಿಗೆ ಒಯ್ಯುತ್ತಿದ್ದಳು. ತಂಗಿ ಇನ್ನೂ ನನ್ನನ್ನೇ ನೋಡುತ್ತಿದ್ದಳು, ಕಲಿಯಲು.

ಅವ್ವನ ಕೈಯಿಂದ ಅದನ್ನು ಕಸಿದುಕೊಂಡೆ.

"ತಿನ್ನಬ್ಯಾಡಬೇ. ಇವು ನನ್ನವಲ್ಲ, ಭಟ್ಟ್ಯಾಗ ಅದಲುಬದಲಾಗ್ಯಾವ. ಸಕ್ರಿ ತುಂಬೈತಿ."

ಅವ್ವ ಖಾಲಿ ಕೈಯನ್ನೊಮ್ಮೆ ನೋಡಿ, ಮಡಿಲ ಮೇಲಿನ ಪುಡಿ ಕೊಡವಿಕೊಂಡಳು. ನಗುತ್ತಲೇ ತಂಗಿಯ ಕಡೆ ತಿರುಗಿದಳು.

"ಇಕಿ ಮನ್ಯಾಗ ಇದ್ರ ಕೈಯಾಗಿಂದೂ ಕಸಗೊಂತಾಳ. ನಾ ನಿನ್ನ ಜೋಡಿನ ಬರ್ತೀನಿ ಬಿಡು."

ಸಂಜೆ ಅವ್ವ ಉಳಿದ ಕೇಕಿನ ಡಬ್ಬಿ ಹಿಡಿದು ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಒಂದು ಬಿಸ್ಕತ್ತಿನ ಮಟ್ಟಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ, ಸಿರುಗುಪ್ಪದ ಬಸ್ಸಿನಲ್ಲಿ ನನ್ನ ಪಕ್ಕ ಕೂತಿರುತ್ತಿದ್ದಳು.