ಉಸ್ತಾದರು ಕಟ್ಟಿಕೊಟ್ಟ ಆಂಪ್ಲಿಫೈಯರ್

ಅವರ ಬಲಗೈ ಹೆಬ್ಬೆರಳಿನ ತುದಿ, ಹಂಚಿನ ಮೇಲೆ ಮರೆತ ರೊಟ್ಟಿಯ ಅಂಚಿನಂತೆ ಕರ್ರಗೆ ಬಿರುಸಾಗಿತ್ತು. ಬಿಸಿ ತವರದ ಹನಿ ಬಿದ್ದು ಬಿದ್ದು ಆದದ್ದು. ಸಿಂಧನೂರಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಅವರು ಊರಿಗೆಲ್ಲ ಉಸ್ತಾದರು. ಯಾರೇ ಆಂಪ್ಲಿಫೈಯರ್ ಬೇಕೆಂದು ಬಂದರೂ ಮೊದಲು ಚಹಾ, ಆಮೇಲೆ ಒಂದೇ ಪ್ರಶ್ನೆ: "ಕೇಳೋರು ಯಾರು?"

"ಕಿವಿ ಕೇಳದ ನಮ್ಮವ್ವರೀ," ಅಂದೆ ನಾನು.

ಜ್ವರ ಬಂದು ಅವ್ವನ ಕಿವಿ ಹೋಗಿತ್ತು. ಭಜನೆ ಪದ ಹಾಡುತ್ತಿದ್ದವಳು ತಾಳ ಸಿಗದೆ ಬಾಯಿ ಮುಚ್ಚಿದ್ದಳು. ದೊಡ್ಡ ಸ್ಪೀಕರಿನ ಪೆಟ್ಟಿಗೆ ಮಾಡಿದ್ದೆ. ರೆಕಾರ್ಡು ಹಾಕಿದರೆ ತಬಲದ ದಪ್ಪ ಪೆಟ್ಟಾದರೂ ಅವಳ ಅಂಗೈಗೆ ತಾಗೀತು, ಮತ್ತೆ ಹಾಡಿಯಾಳು ಎಂಬ ಆಸೆ.

"ಹದಿನೈದು ವ್ಯಾಟ್ ಸಾಕು. ಎಂಟು ದಿನ ತಡಿ, ಕಟ್ಟಿ ಕೊಡ್ತೀನಿ."

ತಡೆಯುವ ಜನ್ಮವೇ ನನ್ನದು? ಗೊರೇಬಾಳದ ಮದುವೆಗೆ ಬಂದಿದ್ದ ಮೈಕಿನವನನ್ನು ಕಾಡಿ ಬೇಡಿ, ಕಂಬದ ಹಾರ್ನುಗಳನ್ನು ಕೂಗಿಸುವ ಅವನ ಆಂಪ್ಲಿಫೈಯರನ್ನೇ ಮನೆಗೆ ಹೊತ್ತು ತಂದೆ. ಅದರ ಬೆನ್ನಲ್ಲಿ ವೈರು ಸಿಕ್ಕಿಸಲು ನಾಲ್ಕು ಜಾಗ: 4, 8, 16, 100. ನನ್ನ ಸ್ಪೀಕರಿನ ಮೇಲೆ ಎಂಟು ಎಂದು ಬರೆದಿತ್ತು. ಆದರೆ ನೂರು ಸಿಗುವಾಗ ಎಂಟಕ್ಕೆ ತೃಪ್ತಿಪಡಲು ನಾನೇನು ದಡ್ಡನೇ? ಅವ್ವನನ್ನು ಪೆಟ್ಟಿಗೆಯ ಮುಂದೆ ಕೂರಿಸಿ ಗುಂಡಿ ಪೂರ್ತಿ ತಿರುವಿದೆ. ಒಂದೇ ಗರ್ಜನೆ, ಆಮೇಲೆ ಹೊಗೆ. ನಮ್ಮ ಓಣಿಯ ನಾಯಿಗಳು ಓಡಿದ ಓಟಕ್ಕೆ ದಢೇಸುಗೂರಿನಲ್ಲೇ ನಿಂತಿರಬೇಕು. ಅವ್ವ ಮೂಗು ಮುಚ್ಚಿಕೊಂಡು, "ಏನ್ ಸುಟ್ಟಿಯೋ ಹುಚ್ಚಪ್ಪಾ?" ಎಂದಳು.

ಸತ್ತ ಸ್ಪೀಕರನ್ನು ಸೈಕಲ್ಲಿಗೆ ಕಟ್ಟಿಕೊಂಡು ಸಿಂಧನೂರಿಗೆ ಹೋದೆ. ಉಸ್ತಾದರು ಮೂಸಿ ನೋಡಿದರು.

"ಯಾವುದಕ್ಕ ಹಚ್ಚಿದಿ?"

"ನೂರಕ್ಕರೀ."

"ಅದು ನೂರು ವೋಲ್ಟ್, ಊರಗಲ ವೈರ್ ಎಳೆದ ಹಾರ್ನಿಗೆ, ಲೇ! ಕಾಲುವಿ ನೀರು ಪೂರಾ ಒಂದೇ ಗದ್ದಿಗೆ ಬಿಟ್ರ ಪೈರು ಉಳೀತದೇನು?"

"ದೊಡ್ಡ ನಂಬರ್, ದೊಡ್ಡ ಸಪ್ಪಳ ಅನ್ಕೊಂಡೆ."

"ಸಾಲ್ಯಾಗ ಎಂದೂ ನೂರು ಬಿದ್ದಿಲ್ಲಲ್ಲ, ಅದಕ್ಕ ಈ ಆಸಿ!"

ಬೈಯುತ್ತಲೇ ಸುಟ್ಟ ಸುರುಳಿ ಬಿಚ್ಚಿ, ಕೂದಲೆಳೆಯಂಥ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿದರು. ಮುಂದಿನ ವಾರ ತಾವು ಕಟ್ಟಿದ ಆಂಪ್ಲಿಫೈಯರ್ ಹಿಡಿದು ತಾವೇ ಬಸ್ಸು ಹತ್ತಿ ನಮ್ಮ ಹಳ್ಳಿಯ ಮನೆಗೆ ಬಂದರು. ಎಂಟಕ್ಕೆ ವೈರು ಹಚ್ಚಿ, ಗುಂಡಿಯ ಅರ್ಧಕ್ಕೆ ಸುಣ್ಣದ ಗೆರೆ ಎಳೆದರು. "ಇದನ್ನ ದಾಟಿದಿ ಅಂದ್ರ ಬೆರಳು ಮುರೀತೀನಿ."

ಅವ್ವ ಅಂಜುತ್ತ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ತುಸು ಹೊತ್ತಿಗೆ ಅವಳ ತಲೆ ತೂಗಿತು. ಅವಳ ಬಾಯಿಂದ ಹಾಡು ಮಾತ್ರ ಬರಲಿಲ್ಲ. ಉಸ್ತಾದರು, "ಅವಸರ ಬ್ಯಾಡ," ಎಂದು ಎದ್ದು ಹೋದರು.

ಹೋದ ವರ್ಷ ಅವರು ಲಿಂಗಸುಗೂರಿನ ಮಗಳ ಮನೆಯಲ್ಲಿ ತೀರಿಕೊಂಡರು. ಸುದ್ದಿಯನ್ನು ಅವ್ವನಿಗೆ ಕೈಸನ್ನೆಯಲ್ಲಿ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಪೆಟ್ಟಿಗೆ ಹಚ್ಚೆಂದಳು. ಅದರ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಒಂದು ಭಜನೆ ಪದ ಪೂರ್ತಿ ಹಾಡಿದಳು. ದನಿ ಒಡೆದಿತ್ತು. ತಾಳ ಎಲ್ಲಿಯೂ ತಪ್ಪಲಿಲ್ಲ.