ಇನ್ನೊಂದು ಸೌಟು

ನಮ್ಮ ಕಡೆ ಊಟಕ್ಕೆ ಕುಳಿತವನು ‘ಸಾಕು’ ಎಂದರೆ ಬಡಿಸುವವರು ಅದನ್ನು ನಿರಾಕರಣೆಯೆಂದು ಭಾವಿಸುವುದಿಲ್ಲ, ಸಂಕೋಚವೆಂದು ಭಾವಿಸುತ್ತಾರೆ. ಆದ್ದರಿಂದ ಮೊದಲನೆಯ ‘ಸಾಕು’ವಿಗೆ ಒಂದು ಸೌಟು ಬೀಳುತ್ತದೆ, ಎರಡನೆಯದಕ್ಕೆ ಅರ್ಧ, ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ದೇವರಾಣೆ ಹಾಕಿದಾಗಷ್ಟೇ ಆ ಮಾತಿಗೆ ಮಾನ್ಯತೆ. ಯಾವುದಾದರೊಂದು ಗೃಹಪ್ರವೇಶದಲ್ಲಿ ಬೆರಳ ಸಂದಿಯಿಂದ ಸಾರು ಸುರಿಸಿಕೊಂಡ ಅನುಭವ ನಿಮಗೂ ಇದ್ದೀತು. ನನ್ನ ಹೆಂಡತಿ ಕಮಲ ಈ ಸಂಪ್ರದಾಯದ ಪೀಠಾಧ್ಯಕ್ಷೆ. ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದಷ್ಟು ಕಾಲ ನನ್ನ ಸಹೋದ್ಯೋಗಿಗಳು ನಮ್ಮಲ್ಲಿಗೆ ಊಟಕ್ಕೆ ಬರುವ ದಿನ ಮುನ್ನೆಚ್ಚರಿಕೆಯಾಗಿ ಬೆಳಗಿನ ತಿಂಡಿಯನ್ನು ತ್ಯಜಿಸುತ್ತಿದ್ದರು. ನಾನಂತೂ ಹುದ್ದೆಯಲ್ಲಿ ಬೆಳೆಯದಿದ್ದರೂ ಹೊಟ್ಟೆಯಲ್ಲಿ ಬೆಳೆದು ನಿವೃತ್ತನಾದೆ.

ಅಂಥವಳಿಗೆ ಈಚೆಗೆ ಆಯಾಸ ಶುರುವಾಯಿತು. ತಲೆಭಾರ, ಆಗಾಗ ಕಣ್ಣು ಮಂಜು, ಬಿಸಿನೀರಿನ ಸ್ನಾನವಾದ ಮೇಲೆ ಮೈಯೆಲ್ಲ ತುರಿಕೆ. ತುರಿಕೆಯ ಅಪರಾಧವನ್ನು ಬೋರ್‌ವೆಲ್ ನೀರಿನ ಮೇಲೆ ಹೊರಿಸಿದೆವು. ಆಯಾಸಕ್ಕೆ ನಮ್ಮ ಮನೆಗಳಲ್ಲಿ ಒಂದೇ ನಿದಾನ, ರಕ್ತ ಕಡಿಮೆ. “ಹೆಂಗಸ್ರಿಗೆ ರಕ್ತ ಯಾವತ್ತೂ ಕಮ್ಮೀನೇ ಕಣ್ರೀ,” ಎಂದು ಪಕ್ಕದ ಮನೆಯ ಪದ್ಮಕ್ಕ ತೀರ್ಪು ಕೊಟ್ಟು ನುಗ್ಗೆಸೊಪ್ಪು ತಂದುಕೊಟ್ಟರು. ನಾನು ಬೀಟ್‌ರೂಟ್, ಖರ್ಜೂರ, ಮೆಡಿಕಲ್ ಶಾಪಿನ ಕಬ್ಬಿಣದ ಟಾನಿಕ್ಕು ಎಲ್ಲವನ್ನೂ ಶ್ರದ್ಧೆಯಿಂದ ಒದಗಿಸಿದೆ. ಕಮಲಳ ಮುಖ ಕೆಂಪೇರಿತು. ಬೀದಿಯವರೆಲ್ಲ ನನ್ನ ಶುಶ್ರೂಷೆಯನ್ನು ಹೊಗಳಿದರು, ನಾನೂ ಬೀಗಿದೆ.

ಒಂದು ಮಧ್ಯಾಹ್ನ ಹುಳಿ ಬಡಿಸುತ್ತಿದ್ದವಳ ಕೈಯಿಂದ ಸೌಟು ಜಾರಿತು. ಬೆರಳುಗಳು ಮಾತು ಕೇಳುತ್ತಿಲ್ಲ ಎಂದಳು. ಸ್ವಲ್ಪ ಹೊತ್ತಿಗೆ ಸರಿಹೋಯಿತು, ಆದರೂ ನಾನು ಕಾಯಲಿಲ್ಲ.

ಪೀಣ್ಯದ ಕಡೆಯ ಆಸ್ಪತ್ರೆಗೆ ಕರೆದೊಯ್ದೆ. ನಮ್ಮ ಮಗಳ ವಯಸ್ಸಿನ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಕೆಲವು ದಿನಗಳ ನಂತರ ನಮ್ಮನ್ನು ಕೂರಿಸಿಕೊಂಡು ಹೇಳಿದರು: “ಆಂಟಿ, ರಕ್ತ ಕಮ್ಮಿ ಅಲ್ಲ, ತುಂಬಾ ಜಾಸ್ತಿ ಆಗಿದೆ. ಮಂದ ಆಗ್ಬಿಟ್ಟಿದೆ. ತಲೇಲೋ ಹಾರ್ಟಲ್ಲೋ ಹೆಪ್ಪುಗಟ್ಟಿದ್ರೆ ಜೀವಕ್ಕೇ ಅಪಾಯ. ಆ ಟಾನಿಕ್ ಇನ್ಮೇಲೆ ಬೇಡ.”

ಅವರು ವಿವರಿಸಿದ್ದು ನನಗೆ ಅರ್ಥವಾದದ್ದು ಹೀಗೆ. ರಕ್ತಕಣಗಳು ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಬೇಕೆಂದಾಗ ದೇಹ ಒಂದು ಹಾರ್ಮೋನಿನ ಮೂಲಕ ಹೇಳಿಕಳಿಸುತ್ತದೆ. ಸಾಕಾದಾಗ ಕರೆ ತಗ್ಗುತ್ತದೆ, ಮಜ್ಜೆಯೂ ಕೈ ನಿಧಾನಿಸುತ್ತದೆ. ಕಮಲಳ ಮಜ್ಜೆಯ ಯಾವುದೋ ಒಂದು ಜೀವಕೋಶದಲ್ಲಿ, ಯಾವುದೋ ಒಂದು ದಿನ, ಒಂದು ಜೀನಿನ ಒಂದೇ ಒಂದು ಅಕ್ಷರ ಬದಲಾಗಿತ್ತು. ಅದರಿಂದಾದ ಪ್ರೋಟೀನು ಕೆಟ್ಟು ಕೂರಲಿಲ್ಲ. ಕರೆ ಬಂದರೂ ಬಾರದಿದ್ದರೂ ‘ಮಾಡು, ಇನ್ನೂ ಮಾಡು’ ಎನ್ನತೊಡಗಿತು. ವ್ಯಾಧಿಯೆಂದರೆ ಏನಾದರೊಂದು ಕುಂದುವುದು ಎಂದೇ ನಾನು ತಿಳಿದಿದ್ದೆ. ಹಲ್ಲು ಬೀಳುತ್ತದೆ, ಕಿವಿ ಮಂದವಾಗುತ್ತದೆ, ಹೆಸರುಗಳು ಮರೆಯುತ್ತವೆ. ಹೊಸ ಚೈತನ್ಯವೇ ವ್ಯಾಧಿಯಾಗಬಹುದೆಂದು ಎಣಿಸಿರಲಿಲ್ಲ. ಹಾಗೆಂದು ಇಂಥ ಬದಲಾವಣೆಯನ್ನು ಸಾರಾಸಗಟಾಗಿ ಬೈಯುವಂತೆಯೂ ಇಲ್ಲ. ಶೈಶವ ಕಳೆದ ಮೇಲೆ ಹಾಲನ್ನು ಅರಗಿಸುವ ಶಕ್ತಿ ಸಹಜವಾಗಿ ಉಡುಗಬೇಕಂತೆ. ಯಾವ ಕಾಲದಲ್ಲೋ ಕೆಲವರಲ್ಲಿ ಇಂಥದೇ ಒಂದು ಅಕ್ಷರ ಪಲ್ಲಟವಾಗಿ, ನಿಲ್ಲಬೇಕಾದದ್ದು ನಿಲ್ಲದೆ ಉಳಿಯಿತಂತೆ. ನಾನು ನೆಮ್ಮದಿಯಿಂದ ಹೀರುವ ಗಟ್ಟಿ ಹಾಲಿನ ಕಾಫಿ ಅಂಥ ಯಾವುದೋ ಪೂರ್ವಜನ ಕೃಪೆ ಇದ್ದೀತು.

ಮಗಳಿಗೂ ಇದು ಬರುತ್ತದೆಯೇ ಎಂದಷ್ಟೇ ಕಮಲ ಕೇಳಿದಳು. ಸಾಮಾನ್ಯವಾಗಿ ವಂಶಕ್ಕೆ ಹೋಗುವುದಲ್ಲ, ಬದುಕಿನ ನಡುವೆ ಬಂದದ್ದು ಎಂದರು ಡಾಕ್ಟರು. “ಹಾಗಾದ್ರೆ ನನ್ನ ಮೂಳೆಗೂ ನನ್ನ ಬುದ್ಧೀನೇ ಬಂದಿದೆ ಬಿಡಿ,” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮಾತ್ರೆಯ ಜೊತೆಗೆ ಚಿಕಿತ್ಸೆಯೆಂದರೆ ಆಗಾಗ ರಕ್ತ ತೆಗೆಸುವುದು. ವಿಜಯಪುರದಿಂದ ಬಂದು ಪೀಣ್ಯದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ನರ್ಸ್ ರೇಣುಕಾ ಸೂಜಿ ಚುಚ್ಚಿ, ಚೀಲ ತುಂಬುವವರೆಗೂ ಪಕ್ಕದಲ್ಲೇ ನಿಂತಿದ್ದಳು. ಇದನ್ನು ಯಾರಿಗೆ ಕೊಡುತ್ತೀರಿ ಎಂದು ಕಮಲ ಉತ್ಸಾಹದಿಂದಲೇ ವಿಚಾರಿಸಿದಳು. “ಇದು ಯಾರಿಗೂ ಕೊಡಾಕ ಬರಂಗಿಲ್ರೀ ಅಮ್ಮಾ,” ಎಂದಳು ರೇಣುಕಾ, ಮೆಲ್ಲಗೆ. “ಚೆಲ್ಲಬೇಕಾಗ್ತೈತ್ರಿ.”

ಅಕ್ಕಿ ತೊಳೆದ ನೀರನ್ನೂ ಕರಿಬೇವಿನ ಗಿಡಕ್ಕೆ ಹೊಯ್ಯುವವಳು, ಮಿಕ್ಕ ಹುಳಿಯನ್ನು ಬೀದಿಯ ಕೊನೆಯ ಮನೆಗಾದರೂ ತಲುಪಿಸಿ ಬರುವವಳು ಕಮಲ. ಅಂದಿನಿಂದ ನನ್ನ ತಟ್ಟೆಗೆ ಬಡಿಸುವಾಗ ಮೊದಲನೆಯ ‘ಸಾಕು’ವಿಗೇ ಸೌಟನ್ನು ಹಿಂತೆಗೆದುಕೊಳ್ಳತೊಡಗಿದಳು. ಇಷ್ಟು ವರ್ಷ ನಾನು ಬೇಡಿಕೊಂಡದ್ದು ಅದನ್ನೇ; ದಕ್ಕಿದಾಗ ಬೇಡವೆನಿಸಿತು.

ಮುಂದಿನ ಸಲ ಆಸ್ಪತ್ರೆಗೆ ಹೊರಡಬೇಕಾದ ಬೆಳಗ್ಗೆ ಅವಳು ಕುರ್ಚಿಯಿಂದ ಏಳಲಿಲ್ಲ. “ಸಾಕು ಕಣ್ರೀ. ಚೆಲ್ಲೋಕೆ ಅಂತ ನಾನು ಯಾವತ್ತೂ ಏನೂ ಮಾಡ್ದೋಳಲ್ಲ. ಮೈಯಲ್ಲಾಗಿದ್ದು ಮೈಯಲ್ಲೇ ಇರ್ಲಿ,” ಎಂದಳು. ಹೋಗದಿದ್ದರೆ ಏನಾದೀತೆಂದು ಇಬ್ಬರಿಗೂ ಗೊತ್ತಿತ್ತು. ನನಗೆ ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ಇವಳಿಲ್ಲದ ಮನೆಯ ಭಯ ಬಂತು. ಹೊರಗೆ ಆಟೋ ಬಂದು ನಿಂತಿತ್ತು. ಅವಳ ಚಪ್ಪಲಿ ತಂದು, ಹೊಟ್ಟೆ ಅಡ್ಡಬಂದರೂ ಬಗ್ಗಿ ಪಾದದ ಬಳಿ ಇಟ್ಟೆ.

“ಸಾಕು ಅಂದೆ, ಕೇಳಿಸ್ಲಿಲ್ವಾ?”

“ಇಲ್ಲ,” ಎಂದೆ. “ನನ್ನ ಸಾಕು ನಿಂಗೆ ಯಾವತ್ತು ಕೇಳಿಸಿದೆ?”

ಅವಳು ಚಪ್ಪಲಿ ಮೆಟ್ಟಿದಳು.

ಆ ಮಧ್ಯಾಹ್ನ ಆಸ್ಪತ್ರೆಯಿಂದ ಬಂದವಳನ್ನು ಕೂರಿಸಿ ನಾನೇ ಬಡಿಸಿದೆ. ನನ್ನ ಸಾರಿಗೆ ಉಪ್ಪು ಕಡಿಮೆಯಿತ್ತು, ಅವಳು ಆಡಿಕೊಳ್ಳಲಿಲ್ಲ. ಎರಡನೆಯ ಸಲ ಸೌಟು ತಂದಾಗ ತಟ್ಟೆಗೆ ಕೈ ಅಡ್ಡ ಹಿಡಿದು ಸಾಕು ಎಂದಳು.

ಇನ್ನೊಂದು ಸೌಟು ಬಡಿಸಿದೆ.